ಗಂಗಾವಿಜಯದ ಮೂತಿ

‘ಏ ಹುಲಿಗೀ, ಸತ್ತಿಯೇನಬೇ ಒಳಗ? ಸತ್ತಿದ್ರ ಸತ್ತೀನಂತ ಒದರು. ಹೆಣಾ ಅಲ್ಲೇ ಬಿಟ್ಟು ಮ್ಯಾಲೊಂದು ಫೈಬರ್ ಪಟ್ಟಿ ಬಡಿಸಿಬಿಡ್ತೀನಿ.’

ಮೇಸ್ತ್ರಿ ಈಶಪ್ಪ ದೋಣಿಯ ಹೊರಮೈಗೆ ಅಂಗೈಯಿಂದ ದಬದಬ ಬಡಿದ. ಒಳಗೆ, ದೋಣಿಯ ಚೂಪಾದ ಮುಂತುದಿಯ, ಅಂದರೆ ಮೂತಿಯ ಗೂಡಿನಲ್ಲಿ ಮುದುಡಿ ಮಲಗಿದ್ದ ಹುಲಿಗವ್ವನ ಎರಡೂ ಕಿವಿ ಗುಂಯ್ಯೆಂದವು. ಮೊಣಕಾಲು ಎದೆಗೆ ಒತ್ತಿತ್ತು. ಮೂಗಿನಿಂದ ಗೇಣಾಚೆ ದೋಣಿಯ ಒಳಗೋಡೆ. ಕೈಯಲ್ಲಿ ಪಾಲಿಶ್ ಪೇಪರ್ ಸುತ್ತಿದ ಕಟ್ಟಿಗೆಯ ತುಂಡು. ಅದರಿಂದ ಗೋಡೆ ಉಜ್ಜಿದಂತೆಲ್ಲ ಗಾಜಿನ ನೂಲಿನ ಧೂಳು ಉದುರಿ, ಮೈಯಲ್ಲಿ ಎಲ್ಲೆಲ್ಲಿ ಬೆವರಿದೆಯೋ ಅಲ್ಲಲ್ಲಿಗೇ ಹುಡುಕಿಕೊಂಡು ಹೋಗಿ ಕೂರುತ್ತಿತ್ತು. ಕೊರಳಿನ ಸುಕ್ಕು, ಕುಪ್ಪಸದ ಹೊಲಿಗೆ, ಕಣ್ಣಿನ ರೆಪ್ಪೆ, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಗೆ ಹೋಗಿ ಎಷ್ಟು ನೀರು ಸುರಿದುಕೊಂಡರೂ ತುರಿಕೆ ಹೋಗುತ್ತಿರಲಿಲ್ಲ. ಬಾಯಿಗಿಟ್ಟ ರೊಟ್ಟಿಯೂ ಫೈಬರಿಗೆ ಬಳಿಯುವ ರಾಳದ ವಾಸನೆ ಹೊಡೆಯುತ್ತಿತ್ತು.

‘ಸತ್ತಮ್ಯಾಲೆ ಹೆಂಗ ಒದರ್ಲಿರೀ?’ ಒಳಗಿನಿಂದಲೇ ಅಂದಳು.

‘ಬಾಯಿ ನೋಡ ಈ ಬೋಸುಡಿದು! ಹೊರಗ ಬಾ, ಸಾವ್ಕಾರು ಬಂದಾರ.’

ಸಮುದ್ರ ಎಲ್ಲಿ, ಕೊಪ್ಪಳ ಎಲ್ಲಿ. ಆದರೂ ತುಂಗಭದ್ರೆಯ ಹಿನ್ನೀರಿನ ದಂಡೆಗೆ ದೊಡ್ಡದೊಂದು ತಗಡಿನ ಶೆಡ್ಡು ಹಾಕಿ, ಗೋವಾದವರಿಗೆ, ಚೆನ್ನೈನವರಿಗೆ ಪಂದ್ಯದ ಹಾಯಿದೋಣಿಗಳನ್ನು ಕಟ್ಟಿಕೊಡುತ್ತಿದ್ದವನು ಗಂಗಾವತಿಯ ಅಕ್ಕಿಗಿರಣಿಯ ಗೋವಿಂದರಾಜ. ಒಬ್ಬೊಬ್ಬ ಶ್ರೀಮಂತನ ಹುಚ್ಚಿಗೂ ಒಂದೊಂದು ಅಳತೆ, ಒಂದೊಂದು ಅಚ್ಚು. ಇಲ್ಲಿಯ ಒಣಗಾಳಿಗೆ ರಾಳ ಚೆನ್ನಾಗಿ ಗಟ್ಟಿಯಾಗುತ್ತದೆ, ಅದಕ್ಕೇ ಇಲ್ಲಿ ಶೆಡ್ಡು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಇಲ್ಲಿಯ ಕೂಲಿಯವರು ರಕ್ತ ಕೆಮ್ಮಿದರೂ ಕೇಳುವವರಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ. ಕಟ್ಟಿದ ದೋಣಿಗಳೆಲ್ಲ ಲಾರಿ ಹತ್ತಿ ಹೋಗುತ್ತಿದ್ದವು, ಅವು ನೀರು ಮುಟ್ಟಿದ್ದನ್ನು ಶೆಡ್ಡಿನವರು ಕಂಡವರೇ ಅಲ್ಲ. ಈ ಒಂದನ್ನು ಮಾತ್ರ ಗೋವಿಂದರಾಜ ತನಗಾಗಿ ಕಟ್ಟಿಸುತ್ತಿದ್ದ. ಇದು ಇಲ್ಲೇ, ಈ ಹಿನ್ನೀರಿನಲ್ಲೇ ತೇಲುವುದಿತ್ತು. ಹೆಸರು ‘ಗಂಗಾವಿಜಯ’.

ಮೂತಿಯೊಳಗೆ ಹೊರಳಲು ಜಾಗವಿಲ್ಲ. ಹೋದ ಹಾಗೆಯೇ ಹಿಂದಕ್ಕೆ ಬರಬೇಕು. ಮೂತಿಗೂ ದೋಣಿಯ ಕೋಣೆಗೂ ನಡುವಿನ ಗೋಡೆಯಲ್ಲಿ ಕಡಾಯಿಯ ಬಾಯಿಯಷ್ಟು ಅಗಲದ ಬಾಗಿಲೊಂದಿತ್ತು. ಅದರಿಂದ ಮೊದಲು ಹುಲಿಗವ್ವನ ಪಾದ, ಆಮೇಲೆ ಮೀನಖಂಡ, ಆಮೇಲೆ ಮೇಲಕ್ಕೆ ಸರಿದ ಸೀರೆ ಹೊರಬಂದವು. ಕೋಣೆಯಲ್ಲಿ ನಿಂತ ಗಂಡಸರು ಮುಖ ಆಚೆ ತಿರುಗಿಸಲಿಲ್ಲ. ಚೆನ್ನಾಗಿಯೇ ನೋಡಿದರು.

‘ಥೂ, ಏನ್ ನಾತಲೇ ಇದು,’ ಗೋವಿಂದರಾಜ ಮೂಗಿಗೆ ಕರವಸ್ತ್ರ ಹಿಡಿದ. ‘ಮೂತಿ ಇನ್ನಾ ಮುಗದಿಲ್ಲಂತಲ್ಲ?’

‘ಎದಿ ಹಿಡದೈತ್ರಿ ಸಾವ್ಕಾರ್ರ. ಇನ್ನ ನನ್ನ ಕೈಲಾಗಂಗಿಲ್ಲ. ನಾಳಿಯಿಂದ ಬ್ಯಾರೆ ಯಾರನ್ನರ ಕಳಿಸ್ರಿ.’

ಬೇರೆ ಯಾರು? ದೋಣಿ ನೀರನ್ನು ಚೂರಿಯಂತೆ ಸೀಳಬೇಕೆಂದು ಪುಣೆಯಿಂದ ಬಂದ ಡಿಸೈನರ್ ಕಂಪ್ಯೂಟರಿನಲ್ಲಿ ಆ ಮೂತಿಯನ್ನು ಮತ್ತಷ್ಟು ಸಣ್ಣ ಮಾಡಿದ್ದ. ಮಶೀನು ಹೋಗುವುದಿಲ್ಲ, ಒಳಗೆ ಉಜ್ಜುವವರು ಯಾರು ಎಂದು ಈಶಪ್ಪ ಕೇಳಿದಾಗ, ನಿಮ್ಮ ಕಡೆ ಹೆಂಗಸರು ತೆಳ್ಳಗೇ ಇರುತ್ತಾರಲ್ಲ ಎಂದು ಹಿಂದಿಯಲ್ಲಿ ಅಂದು ನಕ್ಕಿದ್ದ. ರಾಳ ಕಲಸುವ ಮಾರೆವ್ವ ದಪ್ಪ, ಉಳಿದವರೆಲ್ಲ ಗಂಡಸರು. ಈ ನಲವತ್ತರ ಹೆಂಗಸೊಬ್ಬಳನ್ನು ಬಿಟ್ಟರೆ ಆ ಗೂಡಿಗೆ ಹಿಡಿಸುವ ಮೈ ಶೆಡ್ಡಿನಲ್ಲಿರಲಿಲ್ಲ. ಗೋವಿಂದರಾಜನಿಗೆ ಅದು ಗೊತ್ತಿತ್ತು. ಕರವಸ್ತ್ರ ಇಳಿಸಿ, ದನಿಯನ್ನೂ ಇಳಿಸಿದ.

‘ಹಂಗಂದ್ರ ಹೆಂಗ ತಂಗಿ? ಮುಹೂರ್ತ ತಗಿಸೇವಿ, ಮಂದಿಗಿ ಹೇಳೇವಿ. ಏನ್ ಬೇಕು ಹೇಳು. ಸೀರಿ ಕೊಡಸ್ಲೇನ?’

‘ಸೀರಿ ಬ್ಯಾಡ್ರಿ. ನೀರಿಗಿ ಬಿಡೋ ದಿವಸ ಮೊದಲ ಸುತ್ತು ನಾ ಕೂಡ್ತೀನಿ.’

ಈಶಪ್ಪ ಹಲ್ಲು ಕಚ್ಚಿದ. ಅವನಿಗೆ ಅದು ಏನೆಂದು ಗೊತ್ತಿತ್ತು, ಹೊಳೆಸಾಲಿನ ಹಳಬರೆಲ್ಲರಿಗೂ ಗೊತ್ತಿತ್ತು. ಹುಲಿಗವ್ವನ ಅಪ್ಪ ಮುದಿಯಪ್ಪ ಹರಿಗೋಲಿಗೆ ತೊಗಲು ಹೊಲಿಯುತ್ತಿದ್ದವನು. ಮೇದಾರರು ಬಿದಿರಿನ ಬುಟ್ಟಿ ಹೆಣೆದುಕೊಟ್ಟರೆ, ಕೋಣದ ತೊಗಲು ಹದ ಮಾಡಿ ಅದಕ್ಕೆ ಬಿಗಿಯುವುದು ಮಾದಿಗರ ಕೇರಿಯ ಕೆಲಸ. ಹೊಸ ಹರಿಗೋಲು ನೀರಿಗಿಳಿದಾಗ ತೊಗಲು ಹೊಲಿದವನೇ ಮೊದಲು, ಒಬ್ಬನೇ, ಕೂತು ಒಂದು ಸುತ್ತು ಹಾಕಬೇಕು. ಹೊಲಿಗೆ ಬಿಟ್ಟರೆ ಮುಳುಗುವವನೂ ಅವನೇ. ಅದಕ್ಕೆ ಮೈ ಒತ್ತೆ ಇಡುವುದು ಎನ್ನುತ್ತಿದ್ದರು. ಆ ಸುತ್ತು ಮುಗಿಯುವವರೆಗೆ, ಗೌಡನೇ ಇರಲಿ, ದಂಡೆಯ ಮೇಲೆ ಕಾಯಬೇಕು. ಮುದಿಯಪ್ಪ ಇಳಿದ ಮೇಲೆ ಎಲ್ಲ ಜಾತಿಯವರೂ ಹತ್ತಿ, ಅವನು ಹದ ಮಾಡಿದ ತೊಗಲಿನ ಮೇಲೆ ಮುಕಳಿಯೂರಿ ಹೊಳೆ ದಾಟುತ್ತಿದ್ದರು. ಆಚೆ ದಂಡೆ ಮುಟ್ಟಿದೊಡನೆ ಅವನ ನೆರಳಿಗೂ ಹೇಸುತ್ತಿದ್ದರು. ಚಿಕ್ಕಂದಿನಲ್ಲಿ ಹುಲಿಗವ್ವ ನೀರಿನ ನಡುವೆ ಒಬ್ಬನೇ ಕೂತ ಅಪ್ಪನನ್ನು ನೋಡಿದ್ದಳು. ಅಷ್ಟು ನೆಟ್ಟಗೆ ಬೆನ್ನು ಮಾಡಿ ಅವನು ಬೇರೆಲ್ಲೂ ಕೂತದ್ದನ್ನು ಅವಳು ಕಾಣಳು.

‘ಇಷ್ಟ ಏನ?’ ಗೋವಿಂದರಾಜ ಹೊಟ್ಟೆ ಕುಣಿಸಿ ನಕ್ಕ. ‘ಕೂಡ ಬಿಡು. ಮೊದಲ ಸುತ್ತು ನಿಂದ. ತಾಯಿ ಹುಲಿಗೆಮ್ಮನ ಆಣಿ.’

ಗೋವಿಂದರಾಜನ ಜತೆ ಬಂದಿದ್ದ ಡಿಸೈನರ್ ಧೂಳು ಮೆತ್ತಿದ ಅವಳ ಮುಖದ ಫೋಟೋ ತೆಗೆದುಕೊಂಡ. ಕೇಳಿ ತೆಗೆದುಕೊಳ್ಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹುಲಿಗವ್ವ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮತ್ತೆ ಮೂತಿಯೊಳಕ್ಕೆ ತಲೆ ತೂರಿಸಿದಳು.

ಆಮೇಲಿನ ದಿನಗಳಲ್ಲಿ ಅವಳ ಕೆಮ್ಮು ಹೆಚ್ಚಾಯಿತು, ಕೆಲಸವೂ ಮುಗಿಯುತ್ತ ಬಂತು. ಗೊಂಬೆ ಮಾಡುವ ಕಿನ್ನಾಳದವರ ಕೈಯಲ್ಲಿ ಕಟ್ಟಿಗೆಯ ಗಂಗೆಯ ಮುಖ ಮಾಡಿಸಿ ತಂದು ಮೂತಿಯ ತುದಿಗೆ ಕೂರಿಸಿದರು. ಕೆಂಪು ತುಟಿ, ಹಳದಿ ಕೆನ್ನೆ, ದೊಡ್ಡ ಕಣ್ಣು. ಹೊರಗೆ ಗಂಗೆಯ ಮುಖ, ಅದರ ಬೆನ್ನಿಗೆ ಗೋಡೆಯೊಳಗೆ ಹುಲಿಗವ್ವನ ಮುಖ. ಊಟದ ಹೊತ್ತಿನಲ್ಲಿ ಮಾರೆವ್ವ ಅವಳನ್ನು ಕೆಣಕದೆ ಬಿಡುತ್ತಿರಲಿಲ್ಲ.

‘ಸಾವ್ಕಾರ್ತಿ, ಮೊದಲ ಸುತ್ತಿಗೆ ಯಾವ ಸೀರಿ ಉಡಾಕಿ?’

‘ನಗಬ್ಯಾಡಬೇ. ಅಂವ ಆಣಿ ಮಾಡ್ಯಾನ.’

‘ಆಣಿ ಮಾಡಾಕ ಅವಗೇನ್ ಬಾಡಗಿ ಬೀಳ್ತೈತೇನ? ನಮ್ಮ ಮುಂದ ಆಣಿ ಮಾಡೂದಂದ್ರ ಅವರಿಗಿ ಉಗುಳಿದಂಗ.’

‘ನಮ್ಮಪ್ಪ ಗೌಡ್ರನ್ನ ದಂಡಿಮ್ಯಾಲ ನಿಲ್ಲಿಸಿದ್ದ.’

‘ಗೌಡ್ರಿಗಿ ಹೊಳಿ ದಾಟಬೇಕಿತ್ತಬೇ, ಅದಕ್ಕ ನಿಂತ್ರು. ಇವಗ ನೀ ಏನ್ ದಾಟಸ್ತಿ?’

ಹುಲಿಗವ್ವ ಬುತ್ತಿಯ ಬಟ್ಟೆ ಕೊಡವಿ ಎದ್ದಳು. ಆದರೆ ಮುಹೂರ್ತದ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು.

ದಂಡೆಯ ಮೇಲೆ ಶಾಮಿಯಾನ ಎದ್ದಿತ್ತು. ಕೆಂಪು ಜಮಖಾನೆ, ಗಾದಿ ಕುರ್ಚಿ, ಊರೂರಿನಿಂದ ಬಂದ ಗಿರಣಿ ಮಾಲೀಕರು, ಗ್ರಾನೈಟಿನವರು, ಅವರ ಹೆಂಡಂದಿರು. ಹಿನ್ನೀರಿನ ಹಸಿರು ಪಾಚಿ, ಸತ್ತ ಮೀನಿನ ವಾಸನೆ ಅವರಿಗೆ ತಾಕದ ಹಾಗೆ ಸುತ್ತಲೂ ಅತ್ತರು ಹೊಡೆಸಿದ್ದರು. ಎರಡು ವಾಸನೆ ಬೆರೆತು ಮೂರನೆಯದೊಂದು ಹುಟ್ಟಿತ್ತು. ದೋಣಿ ಇನ್ನೂ ಶೆಡ್ಡಿನ ಹಿಂದೆ ಕ್ರೇನಿನ ಪಟ್ಟಿಯಲ್ಲಿ, ಆಳೆತ್ತರಕ್ಕಿಂತ ಕೆಳಗೆ ತೂಗುತ್ತಿತ್ತು. ಕ್ರೇನಿನ ಜಮೀರ ಅದಕ್ಕೆ ಏಣಿ ಹಚ್ಚಿ ಕೊಟ್ಟಿದ್ದ.

ಪೂಜೆಗೆಂದು ಬಂದ ಆಚಾರ್ರು ದೋಣಿಯನ್ನು ಸುತ್ತಿ ನೋಡಿ, ಮೂಗು ಹಿಂಡಿ ಕೇಳಿದರು. ‘ಒಳಗ ಕೆಲಸ ಮಾಡಿದವರು ಯಾರು?’

ಈಶಪ್ಪ ನೆಲ ನೋಡಿದ. ನೆಲ ನೋಡಿದ್ದೇ ಉತ್ತರವಾಯಿತು.

‘ಶುದ್ಧಿ ಆಗಬೇಕು ಗೋವಿಂದರಾಜ. ಗಂಗಿ ಹೆಸರಿಟ್ಟೀರಿ, ಗಂಗಿ ಮುಖ ಕೂಡಿಸೀರಿ. ಗೋಮೂತ್ರದಿಂದ ಮೂತಿ ಒಳಗಿಂದ ತೊಳಸ್ರಿ. ಛಲೋ ಮಂದಿ ಕೈಲೆ.’

ಛಲೋ ಮಂದಿಯಲ್ಲಿ ಮೊದಲು ಸಿಕ್ಕವನು ಗೋವಿಂದರಾಜನ ಕಾರಿನ ಡ್ರೈವರು. ಅವನು ಜನಿವಾರ ಹೆಗಲ ಮೇಲೆ ಎಸೆದುಕೊಂಡು ಒಳಗೆ ಹೋದ, ಬಾಗಿಲಿಗೆ ತಲೆ ತೂರಿಸಿದ, ಭುಜ ಸಿಕ್ಕಿಬಿತ್ತು. ‘ಯಪ್ಪೋ, ಎಳೀರಲೇ, ಎಳೀರಲೇ’ ಎಂದು ಒದರಿದ. ಕಾಲು ಹಿಡಿದು ಎಳೆದು ತೆಗೆದರೆ ಎದೆ, ಕುತ್ತಿಗೆ ಎಲ್ಲ ಕೆಂಪಗೆ ದದ್ದು. ಶೆಡ್ಡಿನ ಕಂಬಕ್ಕೆ ದನದಂತೆ ಬೆನ್ನು ತಿಕ್ಕತೊಡಗಿದ. ಮಾರೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ತುರಿಕೆಯನ್ನು ಹುಲಿಗವ್ವ ತಿಂಗಳುಗಟ್ಟಲೆ ಹೊತ್ತಿದ್ದಳು.

ಹೊತ್ತು ಹೋಗುತ್ತಿತ್ತು. ಆಚಾರ್ರು ಕಣ್ಣು ಮುಚ್ಚಿ, ತೆರೆದು, ದಾರಿ ಕಂಡುಕೊಂಡರು.

‘ಆಕಿನ ತೊಳೀಲಿ. ತುದಿಯಿಂದ ತೊಳಕೋತ ತೊಳಕೋತ ಹಿಂದಕ್ಕ ಬರಬೇಕು. ತಾ ಮುಟ್ಟಿದ್ದನ್ನ ತಾನ ತೊಳದ್ರ ದೋಷಿಲ್ಲ. ಹೊರಗ ಬಂದಮ್ಯಾಲೆ ಆಕಿ ಹೆಜ್ಜಿ ಇಟ್ಟಲ್ಲೆ ನಾ ಎರಡು ಹನಿ ಹೊಡೀತೀನಿ.’ ಹೇಳಿ, ಶಾಮಿಯಾನದ ಕಡೆ ನಡೆದರು.

ಗೋವಿಂದರಾಜ ಗೋಮೂತ್ರದ ಬಕೆಟ್ಟನ್ನು ಕಾಲಿನಿಂದ ಅವಳತ್ತ ದೂಡಿದ. ‘ಹೂಂ, ನಡಿ. ಲಗೂನ.’

‘ತೊಳೀತೀನ್ರಿ. ಆಮ್ಯಾಲೆ ಮೊದಲ ಸುತ್ತು...’

‘ಏನ್ ಸುತ್ತು?’

‘ಅವತ್ತ ಆಣಿ ಮಾಡಿದ್ರೆಲ್ರಿ. ಹುಲಿಗೆಮ್ಮನ ಆಣಿ.’

ಗೋವಿಂದರಾಜ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಎಣ್ಣೆ ಹಚ್ಚಿದ ತಲೆ, ಇಳಕಲ್ ಸೀರೆ, ಎಲ್ಲ ಈಗ ಕಣ್ಣಿಗೆ ಬಿದ್ದವು.

‘ಓಹೋಹೋ. ಅದಕ್ಕ ಸಿಂಗಾರ ಮಾಡ್ಕೊಂಡು ಬಂದಾಳ್ರೆಪಾ! ನನ್ನ ಹೇಣ್ತಿ ಕೂಡೋ ಜಾಗಕ್ಕ ಕೆರ ಹೊಲಿಯೋ ಮಾದಿಗನ ಮಗಳು ಕೂಡ್ತಾಳಂತ. ರಂಡಿ, ನಗಿಚಾಟಿಗಿ ಅಂದಿದ್ದನ್ನ ಗಂಟ ಹಾಕ್ಕೊಂಡು ಕುಂತೀಯೇನ? ತೊಳದು ಶೆಡ್ಡಿನ ಹಿಂದಿಂದ ಹೋಗು. ಮಂದಿ ಕಣ್ಣಿಗಿ ಬಿದ್ದಿ ಅಂದ್ರ ಕಾಲಾಗಿನ ಕಾಲ್ಮರಿ ತಗೊಂಡು ಹೊಡೀತೀನಿ. ಹುಗ್ಗಿ ಉಳಿದ್ರ ಕೊಡಸ್ತೀನಿ, ತಿಂದು ಹೋಗು.’

ಈಶಪ್ಪ ನಕ್ಕ. ನಗಬೇಕಾದಲ್ಲಿ ನಗುವುದು ಅವನ ಕೆಲಸವಾಗಿತ್ತು.

ಹುಲಿಗವ್ವನಿಗೆ ಸಿಟ್ಟು ಬರಲಿಲ್ಲ. ಹೇಸಿಗೆ ಬಂತು. ಗೋವಿಂದರಾಜನ ಬಾಯಿಯ ಅಡಿಕೆ ಹೋಳು, ಆಚಾರ್ರ ಎರಡು ಹನಿ, ಈಶಪ್ಪನ ಹಲ್ಲು, ಬಕೆಟ್ಟಿನಲ್ಲಿ ನೊರೆಗಟ್ಟಿದ ಹಳದಿ ಉಚ್ಚೆ, ಎಲ್ಲ ಒಂದೇ ಎನಿಸಿತು. ಬಕೆಟ್ಟು ಎತ್ತಿಕೊಂಡು ಏಣಿ ಹತ್ತಿದಳು.

ಕೋಣೆಯಲ್ಲಿ ಹೊಸ ಗಾದಿ, ಹೊಸ ಪರದೆ. ಕಡಾಯಿ ಬಾಯಿಯಂಥ ಬಾಗಿಲಿನಿಂದ ಮೊದಲು ಬಕೆಟ್ಟು ದೂಡಿದಳು, ಆಮೇಲೆ ತಲೆ, ಭುಜ, ಸೊಂಟ. ಅವಳು ಉಜ್ಜುತ್ತಿದ್ದ ಕಟ್ಟಿಗೆಯ ತುಂಡು ತುದಿಯ ಸಂದಿಯಲ್ಲಿ ಹಾಗೆಯೇ ಬಿದ್ದಿತ್ತು. ಅದನ್ನು ಕೈಗೆ ತೆಗೆದುಕೊಂಡಳು. ಬಕೆಟ್ಟಿಗೆ ಬಟ್ಟೆ ಅದ್ದಲು ಹೋದವಳು ತಡೆದಳು. ಈ ಗೋಡೆಯ ಒಂದೊಂದು ಬೆರಳಗಲವೂ ಅವಳ ಕೈ ನುಣುಪು ಮಾಡಿದ್ದು. ಇದನ್ನು ತೊಳೆಯಬೇಕಂತೆ, ತನ್ನ ಕೈ ಹೋಗುವ ಹಾಗೆ. ಬಟ್ಟೆಯನ್ನು ಬಕೆಟ್ಟಿನೊಳಗೇ ಬಿಟ್ಟಳು. ಕಾಲು ಮಡಚಿ, ಬೆನ್ನನ್ನು ಗಂಗೆಯ ಮುಖದ ಕಡೆಯ ಗೋಡೆಗೆ ಆನಿಸಿ, ಕೂತಳು.

ಸ್ವಲ್ಪ ಹೊತ್ತಿಗೆ ಈಶಪ್ಪ ಬಾಗಿಲಿಗೆ ಬಂದ. ‘ಆತೇನಬೇ?’

‘ಇಲ್ರಿ. ಕುಂತೀನಿ.’

‘ಕುಂತೀಯಾ? ಯಾಕ?’

‘ಮೊದಲ ಸುತ್ತಿಗೆ.’

ಅವನು ಬೈದ, ಬೆದರಿಸಿದ, ಕೈ ಚಾಚಿದ. ಅವಳು ಕಟ್ಟಿಗೆಯ ತುಂಡು ಎತ್ತಿದಳು. ಕೈ ಹಿಂದೆಗೆದ. ಕೋಲಿನಿಂದ ತಿವಿದ. ಅವಳು ಕೋಲನ್ನೇ ಕಿತ್ತುಕೊಂಡು ಒಳಗಿಟ್ಟುಕೊಂಡಳು. ಎಳೆದು ತೆಗೆಯಲು ಒಳಗೆ ಯಾರೂ ಹಿಡಿಸುವುದಿಲ್ಲ. ಗೋವಿಂದರಾಜನೇ ಬಂದು ಬಗ್ಗಿ ನೋಡಿದ. ಅವನ ಮುಖ ಬೆವರಿತ್ತು. ಹೊರಗೆ ವಾಲಗದವರು ಶುರುಮಾಡಿಬಿಟ್ಟಿದ್ದರು.

‘ಹೊರಗ ಬಾರಲೇ ಬೋಸುಡಿ! ಮುಹೂರ್ತ ಮೀರಾಕತ್ತೈತಿ.’

‘ಮೀರೂದ್ರೊಳಗ ಇಳಸ್ರಿ. ಒಂದ ಸುತ್ತು. ಆಮ್ಯಾಲೆ ನಾನ ಇಳೀತೀನಿ.’

ಗೋವಿಂದರಾಜ ಒಂದು ಕ್ಷಣ ಅವಳ ಕಣ್ಣನ್ನೇ ನೋಡಿದ. ಆಮೇಲೆ ಈಶಪ್ಪನತ್ತ ತಿರುಗಿ, ತೀರ ಸಣ್ಣ ದನಿಯಲ್ಲಿ ಅಂದ. ‘ಬಾಗಿಲಾ ಹಾಕು.’

‘ಸಾವ್ಕಾರ್ರ, ಅದು ಗಾಳಿನೂ ಆಡದಂಗ ಮುಚ್ಚತೈತ್ರಿ.’

‘ಹಾಕಂದೆ. ಆಚಾರ್ರಿಗಿ ಹೊರಗ ಬಂದ್ಲು, ಹೋದ್ಲು ಅಂತ ಹೇಳು. ಪೂಜಾ ಮುಗೀಲಿ, ತಗದ್ರಾತು. ಅಷ್ಟರಾಗ ಏನ್ ಸಾಯಂಗಿಲ್ಲ.’

ಈಶಪ್ಪ ಅವಳ ಮುಖ ನೋಡದೆ ಬಾಗಿಲು ದೂಡಿ, ಕೋಣೆಯ ಕಡೆಯಿಂದ ಹಿಡಿ ತಿರುವಿದ. ಬಂಡೆಗೆ ಬಡಿದು ಮೂತಿ ಒಡೆದರೂ ನೀರು ಮುಂದೆ ಬಾರದಂತೆ ಡಿಸೈನರ್ ಮಾಡಿಸಿದ್ದ ಬಾಗಿಲು ಅದು. ಬೆಳಕು ಹೋಯಿತು. ವಾಲಗದ ಸದ್ದು ಬಾವಿಯ ತಳದಿಂದ ಬಂದಂತೆ ಸಣ್ಣಗಾಯಿತು.

ಹುಲಿಗವ್ವ ಒದರಲಿಲ್ಲ. ಒದರಿದರೆ ತೆಗೆದಾರು, ತೆಗೆದರೆ ದೋಣಿಯಿಂದ ಇಳಿಸಿಯಾರು. ಕತ್ತಲಲ್ಲಿ ಕಣ್ಣು ತೆರೆದೇ ಕೂತಳು. ಹೊರಗೆ ಜಮೀರನ ದನಿ ಕೇಳಿತು, ‘ಒಳಗ ಹೆಣ್ಮಗಳದಾಳ್ರಿ, ನಾ ಎತ್ತಂಗಿಲ್ಲ.’ ಅದರ ಮೇಲೆ ಗೋವಿಂದರಾಜನ ಬೈಗುಳ. ಆಮೇಲೆ ಯಾರೋ ಗೋಡೆಗೆ ಬಾಯಿಟ್ಟು ಹೇಳಿದಂತೆ, ಹತ್ತಿರದಿಂದ, ‘ಯಕ್ಕಾ, ಗಟ್ಟಿ ಹಿಡಕೋ. ಸಾವಕಾಶ ಇಳಸ್ತೀನಿ.’

ದೋಣಿ ಎದ್ದಿತು, ತೂಗಿತು, ಇಳಿಯಿತು. ಬೆನ್ನಿನ ಹಿಂದೆ ಬೆರಳು ದಪ್ಪದ ಗೋಡೆಯಾಚೆ ನೀರು ಚಪ್ಪೆಂದಿತು. ಗೋಡೆ ತಣ್ಣಗಾಯಿತು. ಎಷ್ಟು ದೋಣಿ ಉಜ್ಜಿದ್ದಳು, ನೀರಿನ ಸದ್ದು ಒಳಗಿನಿಂದ ಹೀಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ತಲೆಯ ಮೇಲೆ ಹೆಜ್ಜೆಗಳು ಬಂದವು. ಗೆಜ್ಜೆಯ ಹೆಜ್ಜೆ, ಭಾರದ ಹೆಜ್ಜೆ. ಮಂತ್ರ ಶುರುವಾಯಿತು. ಗಾಳಿ ಬಿಸಿಯಾಗುತ್ತಿತ್ತು. ರಾಳದ ವಾಸನೆ ಎದೆಯೊಳಗೆ ಇಳಿದು ಕೆಮ್ಮು ಒತ್ತರಿಸಿತು. ಕೆಮ್ಮಿದ ರಭಸಕ್ಕೆ ಬಕೆಟ್ಟು ಉರುಳಿ, ಗೋಮೂತ್ರವೆಲ್ಲ ಮೂತಿಯ ಕಡೆಗೇ ಹರಿದು ಬಂದು ಅವಳ ಇಳಕಲ್ ಸೀರೆಯನ್ನು ತೋಯಿಸಿತು.

‘ಆಗೆ ವಜನ್ ಹೈ ಸರ್,’ ಡಿಸೈನರನ ದನಿ. ಮೂತಿ ತಗ್ಗಿದೆ, ಮುಂದೆ ಏನೋ ಭಾರ ಇದೆ ಎನ್ನುತ್ತಿದ್ದ.

‘ಏನಿಲ್ಲ, ಏನಿಲ್ಲ. ಹಗ್ಗಾ ಬಿಚ್ಚಲೇ ಈಶ್ಯಾ, ಹೊಂಟೇವಿ.’

ಹಗ್ಗ ಬಿಚ್ಚಿದ ಸದ್ದಾಯಿತು. ಇನ್ನೇನು ದಂಡೆ ಬಿಡುವುದರಲ್ಲಿದ್ದರು. ಅವಳಿಗೆ ಕೊಟ್ಟ ಸುತ್ತನ್ನು ಅವಳ ತಲೆಯ ಮೇಲೆ ಕೂತೇ ಸುತ್ತಲು ಹೊರಟರು. ಹುಲಿಗವ್ವ ಕಟ್ಟಿಗೆಯ ತುಂಡಿನಿಂದ ಗಂಗೆಯ ಮುಖದ ಬೆನ್ನಿಗೆ ಬಲವಾಗಿ ಹೊಡೆದಳು.

ಟಕ್.

ಮಂತ್ರ ತಡವರಿಸಿತು. ಟಕ್, ಟಕ್, ಟಕ್. ಒಬ್ಬ ಹೆಂಗಸು ಚೀರಿದಳು. ‘ಅವ್ವಾ, ಗಂಗಿ ಮಾರಿಯಾಗ ಸಪ್ಪಳಾತು!’

ಆಚಾರ್ರು ಚುರುಕಿನ ಮನುಷ್ಯ. ‘ತಾಯಿ ಪ್ರಸನ್ನ ಆಗ್ಯಾಳ! ಗಂಗಾದೇವಿ ದನಿ ಕೊಡಾಕತ್ಯಾಳ! ಕೈ ಮುಗೀರಿ, ಎಲ್ಲಾರೂ ಕೈ ಮುಗೀರಿ!’

ದಂಡೆಯ ಮೇಲೂ ದೋಣಿಯ ಮೇಲೂ ಗಂಗಾಮಾತೆಗೆ ಜಯವಾಗಲಿ ಎಂಬ ಕೂಗೆದ್ದಿತು. ಮೂತಿಯ ಮೇಲೆ ಯಾರೋ ಮೊಣಕಾಲೂರಿದರು. ಹಣೆ ಹಚ್ಚಿದ ಸದ್ದು, ಬಳೆಗಳ ಸದ್ದು ಅವಳ ನೆತ್ತಿಯ ಮೇಲೆಯೇ ಆಯಿತು. ಗೋವಿಂದರಾಜನೂ ಕೈ ಮುಗಿದಿರಬೇಕು, ಅವನಿಗೆ ಬೇರೆ ದಾರಿಯಿರಲಿಲ್ಲ. ಕತ್ತಲಲ್ಲಿ, ದನದ ಉಚ್ಚೆಯಲ್ಲಿ ಕೂತು ಹುಲಿಗವ್ವ ಕೆಮ್ಮಿನ ನಡುವೆ ನಕ್ಕಳು. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಒದರಿದಳು.

‘ಗಂಗವ್ವ ಅಲ್ರೋ ಭಾಡ್ಕಾವ್‌ಗಳ್ರಾ! ಮಾದರ ಮುದಿಯಪ್ಪನ ಮಗಳು ಹುಲಿಗಿ! ನನಗ ಕೈ ಮುಗಿದೀರಿ! ಮೊದಲ ಸುತ್ತು ನಂದು!’

ಜಯಕಾರ ನಿಂತಿತು. ದಂಡೆಯಿಂದ ಮಾರೆವ್ವ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ‘ಹೌದ್ರೋ, ನಮ್ಮ ಹುಲಿಗಿ ಅದಾಳ ಒಳಗ! ಕೀಲಿ ಜಡಿದಾರ! ತಗೀರೋ!’

ಆಮೇಲೆ ತಲೆಯ ಮೇಲೆ ಗದ್ದಲವೆದ್ದಿತು. ‘ಅಯ್ಯೋ ಮೈಲಗಿ, ಮೈಲಗಿ!’ ಆಚಾರ್ರ ದನಿ ಎಲ್ಲರಿಗಿಂತ ಮೊದಲು ದಂಡೆಯ ಕಡೆ ಹಾರಿತು. ಹಿಂದೆಯೇ ಗೆಜ್ಜೆಯ ಹೆಜ್ಜೆ, ಭಾರದ ಹೆಜ್ಜೆ, ಒಬ್ಬರ ಮೇಲೊಬ್ಬರು. ಯಾರೋ ನೀರಿಗೆ ಬಿದ್ದರು. ಹಾರಿದವರ ಒದೆತಕ್ಕೆ ದೋಣಿ ದಂಡೆ ಬಿಟ್ಟು ಹಿಂದಕ್ಕೆ ಸರಿಯಿತು. ‘ಹಗ್ಗಾ, ಹಗ್ಗಾ ಹಿಡೀರೋ, ಬಾಗಿಲಾ ತಗೀರೋ!’ ಮಾರೆವ್ವನ ದನಿ, ಜಮೀರನ ದನಿ. ದೂರವಾಗುತ್ತ ಹೋದವು.

ದೋಣಿಯಲ್ಲಿ ಈಗ ಯಾರ ಹೆಜ್ಜೆಯೂ ಇರಲಿಲ್ಲ. ಬಾಗಿಲಿನ ಹಿಡಿ ಆಚೆಗಿತ್ತು, ತಿರುವಲು ಯಾರೂ ಇರಲಿಲ್ಲ. ಗಾಳಿ ಹಾಯಿಕಂಬವನ್ನು ಹಿಡಿದು ದೋಣಿಯನ್ನು ನಿಧಾನವಾಗಿ ತಿರುಗಿಸುತ್ತಿತ್ತು. ಬೆನ್ನಿನ ಹಿಂದೆ ನೀರು ಬಲದಿಂದ ಎಡಕ್ಕೆ ಸರಿದು ಹೋಗುವುದು ಹುಲಿಗವ್ವನಿಗೆ ಗೋಡೆಯ ಮೂಲಕವೇ ತಿಳಿಯಿತು. ಸುತ್ತು ಶುರುವಾಗಿತ್ತು.

ಅಪ್ಪನ ಹಾಗೆ ಬೆನ್ನು ನೆಟ್ಟಗೆ ಮಾಡಲು ನೋಡಿದಳು. ತಲೆ ಮೇಲಿನ ಹಲಗೆಗೆ ಬಡಿಯಿತು. ಕುತ್ತಿಗೆ ಬಗ್ಗಿಸಿಯೇ, ಬೆನ್ನನ್ನು ಎಷ್ಟಾಗುತ್ತದೋ ಅಷ್ಟು ನೆಟ್ಟಗೆ ಮಾಡಿ ಕೂತಳು. ಉಸಿರು ಕಡಿಮೆಯಾಗುತ್ತಿತ್ತು. ಕಟ್ಟಿಗೆಯ ತುಂಡನ್ನು ಕತ್ತಲಲ್ಲಿ ತಡಕಿ ಹುಡುಕಿ, ಗಂಗೆಯ ಮುಖದ ಬೆನ್ನಿಗೆ ಮತ್ತೆ ಹೊಡೆದಳು.